ಸಾಬವ್ವನ ಮುಂದೆ ಓಡಿದವಳು

ಕಾಂಕ್ರೀಟ್ ಕಲಸುವ ಯಂತ್ರ ಮೊದಲು ಕೆಮ್ಮುತ್ತದೆ, ಆಮೇಲೆ ಹಲ್ಲು ಕಡಿಯುತ್ತದೆ. ಪುಣೆಯ ಯೆರವಡಾದ ತಗಡಿನ ಶೆಡ್ಡಿನಲ್ಲಿ ಮಲಗಿದ್ದ ಸಾಬವ್ವನಿಗೆ ಆ ಸದ್ದು ಕೇಳಿದರೆ ಸಾಕು, ಇವತ್ತು ಸ್ಲ್ಯಾಬ್ ಹಾಕುತ್ತಾರೆಂದು ಗೊತ್ತಾಗುತ್ತಿತ್ತು. ಅಪ್ಪ ಅಂಬಾರಾಯ ಅಷ್ಟರಲ್ಲಿ ತಲೆಗೆ ಟವೆಲ್ ಸುತ್ತಿಕೊಂಡು ಹೋಗಿರುತ್ತಿದ್ದ. ಅವ್ವ ಅನುಸೂಯಾ ಸೀರೆಯ ಸೆರಗನ್ನು ಸಿಂಬಿ ಮಾಡಿ ನೆತ್ತಿಯ ಮೇಲಿಟ್ಟುಕೊಂಡು ಹೊರಡುತ್ತಿದ್ದಳು. 1990ರ ಜನವರಿಯ ಆ ಬೆಳಗ್ಗೆಯೂ ಯಂತ್ರ ಕೆಮ್ಮಿತು. ಸಾಬವ್ವ ಎದ್ದು, ಸ್ಪೈಕ್ಸ್ ಬೂಟುಗಳನ್ನು ಚೀಲಕ್ಕೆ ಹಾಕಿಕೊಂಡು, ಕೆಲಸದ ಕಡೆ ನೋಡದೆ ಬಸ್ಸಿನ ಕಡೆ ನಡೆದಳು. ಮರುದಿನ ಅಂತರ ಕಾಲೇಜು ಕ್ರೀಡಾಕೂಟವಿತ್ತು. ಎಂಟುನೂರು ಮೀಟರ್.

ಅವಳದು ಆಳಂದದ ಕಡೆಯಿಂದ ಬಂದ ಮನೆತನ. ಎರಡು ಮಕ್ಕಳು ಉಳಿಯದೆ ಹೋದ ಮೇಲೆ ಅವ್ವ ಊರಿನ ದರ್ಗಾಕ್ಕೆ ಹರಕೆ ಹೊತ್ತಳು. ಹುಟ್ಟಿದ ಮಗಳಿಗೆ ಸಾಬವ್ವ ಎಂದು ಹೆಸರಿಟ್ಟಳು. ಪುಣೆಯ ಕಾಲೇಜಿನಲ್ಲಿ ಹಾಜರಿ ಕರೆಯುವಾಗ ಮೇಷ್ಟ್ರು ಆ ಹೆಸರಿಗೆ ಬಂದು ನಿಂತು ಒಮ್ಮೆ ತಲೆಯೆತ್ತಿ ನೋಡುತ್ತಿದ್ದರು. ಹುಡುಗಿಯರು, ನೀನು ಯಾವ ಜಾತಿ, ಯಾವ ಊರು, ಮನೆಯಲ್ಲಿ ಏನು ಭಾಷೆ ಎಂದು ಮರಾಠಿಯಲ್ಲಿ ಕೇಳುತ್ತಿದ್ದರು. ಕೇಳುವವರಿಗೆ ಏನು ಬೇಕಾಗಿದೆ ಎಂದು ಮೊದಲು ಯೋಚಿಸಿ ಆಮೇಲೆ ಉತ್ತರ ಕೊಡುವುದು ಅವಳಿಗೆ ರೂಢಿಯಾಯಿತು.

ಮುನಿಸಿಪಾಲ್ಟಿ ಶಾಲೆಯ ಓಟದಲ್ಲಿ ಅವಳನ್ನು ನೋಡಿ ಕಾಲೇಜಿಗೆ ಕರೆತಂದವರು ಪಂಢರಿನಾಥ ಸರ್. ಫೀಸು ಮಾಫಿ. ಪ್ರ್ಯಾಕ್ಟೀಸ್ ಮುಗಿದ ಮೇಲೆ ಬೇಯಿಸಿದ ಮೊಟ್ಟೆ, ಬಾಳೆಹಣ್ಣು. ಮೊದಲ ದಿನ ಅವಳು ಮೊಟ್ಟೆಯನ್ನು ತಿನ್ನದೆ ಮನೆಗೆ ತಂದು ಅವ್ವನಿಗೆ ತೋರಿಸಿದ್ದಳು.

"ಪುಕ್ಕಟೆ ಯಾಕ ಕೊಡ್ತಾರ?" ಎಂದು ಅನುಸೂಯಾ ಕೇಳಿದಳು.

"ಕೋಳಿಗಿ ಕಾಳು ಹಾಕೋದು ಯಾಕ ಅಂತ ನಿಂಗ ಗೊತ್ತಿಲ್ಲೇನು?" ಎಂದ ಅಂಬಾರಾಯ. ಆಮೇಲೆ ಮೂವರೂ ಆ ಮೊಟ್ಟೆಯನ್ನು ಹಂಚಿಕೊಂಡು ತಿಂದರು.

ಈ ಮನೆಯವರ ಅನುಮಾನ ಎಲ್ಲಿಂದ ಬಂತೆಂದು ತಿಳಿಯಬೇಕಾದರೆ ಸ್ಲ್ಯಾಬ್ ದಿನವನ್ನು ನೋಡಬೇಕು. ಕಲಸಿದ ಕಾಂಕ್ರೀಟ್ ಗಟ್ಟಿಯಾಗುವುದರೊಳಗೆ ಮೇಲಕ್ಕೆ ಹೋಗಬೇಕು. ಬಾಣಲಿಯಂಥ ಕಬ್ಬಿಣದ ಘಮೇಲಾದಲ್ಲಿ ಅದನ್ನು ತುಂಬಿ, ತಲೆಯ ಮೇಲಿಟ್ಟುಕೊಂಡು, ಹಲಗೆಯ ಏರಿನ ಮೇಲೆ ಆಳುಗಳು ಸಾಲಾಗಿ ಹತ್ತುತ್ತಾರೆ, ಸುರಿಯುತ್ತಾರೆ, ಇಳಿಯುತ್ತಾರೆ. ಸಾಲು ಎಲ್ಲೂ ಕಡಿಯಬಾರದು. ಆ ಸಾಲಿನ ಮೊದಲಿಗೆ ಆಳುಗಳ ಮೇಲಿನ ಮುಕಾದಮ ಕಾಡಪ್ಪ ತನ್ನ ಒಬ್ಬ ಆಳನ್ನು ನಿಲ್ಲಿಸುತ್ತಿದ್ದ. ಅವನು ಓಡಿದಂತೆ ಹತ್ತುತ್ತಿದ್ದ. ಅವನ ಹಿಂದಿನವರು ಅವನ ಹೆಜ್ಜೆಗೆ ಹೆಜ್ಜೆ ಹಾಕಲೇಬೇಕು. ಮಧ್ಯಾಹ್ನದ ಹೊತ್ತಿಗೆ ಒಬ್ಬೊಬ್ಬರೇ ಕುಸಿದು ಕೂತರೆ ಕಾಡಪ್ಪ, "ಅವಾ ಮನಷ್ಯಾ ಅಲ್ಲೇನು? ಅವನ ಕೈಲಿ ಆಗ್ತದ, ನಿಮ್ಮ ಕೈಲಿ ಆಗಂಗಿಲ್ಲ?" ಎನ್ನುತ್ತಿದ್ದ.

ಸಾಬವ್ವ ಸಣ್ಣವಳಿದ್ದಾಗ ಒಂದು ದಿನ ಮೇಲೆ, ಕಾಂಕ್ರೀಟ್ ಸುರಿಯುವ ಜಾಗದ ಪಕ್ಕದಲ್ಲಿ, ಕೂತು ರೊಟ್ಟಿ ತಿನ್ನುತ್ತಿದ್ದಳು. ಮೊದಲನೆಯವನು ಸುರಿದಾಗ ಬಿದ್ದ ರಾಶಿ ಸಣ್ಣದು. ಅವ್ವ ಸುರಿದಾಗ ದೊಡ್ಡದು. ಅವಳು ಮತ್ತೆ ನೋಡಿದಳು. ಮತ್ತೆ ಹಾಗೇ ಆಯಿತು. ಮುಂದೆ ಓಡುವವನ ಘಮೇಲಾ ಅರ್ಧ ಮಾತ್ರ ತುಂಬಿತ್ತು. ಸಂಜೆ ಇದನ್ನು ಹೇಳಿದಾಗ ಅವ್ವ ಎಣ್ಣೆಯ ಬಾಟಲಿ ತೆಗೆದುಕೊಂಡಳು. ಆಮೇಲೆ ಮಗಳ ತಲೆಗೆ ಎಣ್ಣೆ ಹಚ್ಚುತ್ತಾ, "ಮುಂದ ಓಡಾವನ ಕಾಲು ನೋಡಬಾರದವ್ವ. ತಲಿ ಮ್ಯಾಲ ಏನದ ನೋಡಬೇಕು" ಎಂದಳು.

ಈಗ ಅವಳ ಮುಂದೆ ಓಡುತ್ತೇನೆಂದು ಮಾಧುರಿ ಹೇಳಿದ್ದಳು.

ಮಾಧುರಿ ಕೊನೆಯ ವರ್ಷದವಳು. ಅವಳ ತಂದೆ ಬಸವಪ್ರಭು ವಿಜಾಪುರದಿಂದ ಬಂದು ಮಾರ್ಕೆಟ್ ಯಾರ್ಡಿನಲ್ಲಿ ಶೇಂಗಾ, ಬೆಲ್ಲದ ದೊಡ್ಡ ಅಂಗಡಿ ಇಟ್ಟಿದ್ದವರು. ಎಂಟುನೂರು ಮೀಟರಿನಲ್ಲಿ ವಿಶ್ವವಿದ್ಯಾಲಯದ ದಾಖಲೆ ಅವಳ ಹೆಸರಿನಲ್ಲಿತ್ತು. ಸಾಬವ್ವ ಕಾಲೇಜಿಗೆ ಬರುವ ಹಿಂದಿನ ವರ್ಷ ಮಾಡಿದ್ದು. ಮೈದಾನದಲ್ಲಿ ಅವರಿಬ್ಬರೇ ಇದ್ದಾಗ ಕನ್ನಡ ಮಾತಾಡುತ್ತಿದ್ದರು. ಬೇರೆಯವರು ಬಂದರೆ ಮರಾಠಿ. ಮಾಧುರಿ ತನ್ನ ಹಳೆಯ ಸ್ಪೈಕ್ಸ್ ಕೊಟ್ಟಾಗ ಸಾಬವ್ವ ಒಂದೊಂದೇ ಮೊಳೆಯನ್ನು ಅಲ್ಲಾಡಿಸಿ ನೋಡಿ, ಸಡಿಲವಿಲ್ಲದಿದ್ದರೂ ಮತ್ತೆ ಬಿಗಿ ಮಾಡಿಕೊಂಡಿದ್ದಳು. ಎರಡು ವರ್ಷ ದಿನವೂ ಅವಳ ಬೆನ್ನ ಹಿಂದೆ ಓಡಿದ್ದಳು. ಮಾಧುರಿಯ ಎಡ ಹಿಮ್ಮಡಿ ತುಸು ಹೊರಕ್ಕೆ ತಿರುಗುವುದು, ದಣಿದಾಗ ಜಡೆ ಬಲಕ್ಕೆ ಬಡಿಯುವುದು, ಇನ್ನು ಆಗದು ಎನ್ನುವಾಗ ಹೆಗಲು ಕಿವಿಯ ಕಡೆ ಏರುವುದು, ಎಲ್ಲವೂ ಅವಳಿಗೆ ಬಾಯಿಪಾಠವಾಗಿತ್ತು.

"ಮಾಧುರಿ ತಾನೇ ಬಂದು ಕೇಳಿದಳು" ಎಂದು ಪಂಢರಿನಾಥ ಸರ್ ಆ ಬೆಳಗ್ಗೆ ಹೇಳಿದರು. "ಒಂದೂವರೆ ಸುತ್ತು ಅವಳು ನಿನ್ನ ಮುಂದೆ ಓಡಿ ವೇಗ ಕಟ್ಟಿಕೊಡುತ್ತಾಳೆ. ಆಮೇಲೆ ಪಕ್ಕಕ್ಕೆ ಸರಿದು ನಿನಗೆ ದಾರಿ ಬಿಡುತ್ತಾಳೆ. ಅವಳ ಬೆನ್ನು ಬಿಡಬೇಡ. ದಾಖಲೆ ಮುರಿಯುತ್ತೀ."

"ಅವರದೇ ದಾಖಲೆ ಅಲ್ಲವಾ ಸರ್?"

"ಹೌದು."

"ಮತ್ತೆ ಯಾಕೆ?"

ಸರ್ ಕೊರಳಿನ ಸೀಟಿಯನ್ನು ಬೆರಳಿಗೆ ಸುತ್ತಿಕೊಂಡರು. "ಎಲ್ಲದಕ್ಕೂ ಯಾಕೆ ಅಂತ ಕೇಳಿದರೆ ಓಡುವುದು ಯಾವಾಗ?"

ದಾಖಲೆ ಅವಳಿಗೆ ಬರೀ ಹೆಸರಿನ ಮಾತಾಗಿರಲಿಲ್ಲ. ಒಂದು ಸರ್ಕಾರಿ ಕಚೇರಿಯವರು ಆ ವರ್ಷ ಕ್ರೀಡಾ ಕೋಟಾದಲ್ಲಿ ಹುಡುಗಿಯರನ್ನು ತೆಗೆದುಕೊಳ್ಳುವವರಿದ್ದರು. ವಿಶ್ವವಿದ್ಯಾಲಯದ ದಾಖಲೆ ಇದ್ದವರಿಗೆ ನೇರ ನೌಕರಿ, ಉಳಿದವರು ಕಾಯಬೇಕು. ಸಾಬವ್ವನಿಗೆ ಆ ನೌಕರಿಯೆಂದರೆ ಅವ್ವನ ನೆತ್ತಿಯಿಂದ ಘಮೇಲಾ ಇಳಿಯುವುದು, ತಗಡಿನ ಬದಲು ಗೋಡೆ. ಅದು ಕೈಗೆ ಬರಬೇಕಾದರೆ ಮಾಧುರಿಯನ್ನು ನಂಬಬೇಕಿತ್ತು.

ಸಂಜೆ ಶೆಡ್ಡಿನಲ್ಲಿ ಅದೇ ಮಾತು. ಅನುಸೂಯಾಳ ಕೈಬೆರಳುಗಳ ಸಂದಿಯಲ್ಲಿ ಸಿಮೆಂಟ್ ಇನ್ನೂ ಬೆಳ್ಳಗೆ ಉಳಿದಿತ್ತು.

"ತನ್ನ ರೆಕಾರ್ಡು ತಾನೇ ಮುರಸ್ತಾಳಂತ? ಯಾರರ ತಮ್ಮ ಮನಿ ಗ್ವಾಡಿಗಿ ತಾವೇ ಗುದ್ದಲಿ ಹಾಕ್ತಾರೇನು?"

"ಒಳ್ಳೇಕಿ ಇದ್ದಾಳ ಅನಸ್ತದ" ಎಂದ ಅಂಬಾರಾಯ. "ಎಲ್ಲಾರೂ ಕಾಡಪ್ಪ ಇರಂಗಿಲ್ಲ."

"ಕಾಡಪ್ಪ ಮೊದಲನೇ ದಿವ್ಸ ಎಷ್ಟು ಒಳ್ಳೇವ ಇದ್ದ, ಮರ್ತಿ? ನಿನಗ ಬೀಡಿ ಕೊಟ್ಟಿದ್ದ."

"ಕೊಟ್ಟಿದ್ದ" ಎಂದು ಅಂಬಾರಾಯ ಒಪ್ಪಿಕೊಂಡ. "ಬೀಡಿ ಮಾತ್ರ ಚಲೋ ಇತ್ತು."

ಸಾಬವ್ವ ನಗಲಿಲ್ಲ. ಅವಳ ಮನಸ್ಸಿನಲ್ಲಿ ಒಂದು ಲೆಕ್ಕ ನಡೆದಿತ್ತು. ಮಾಧುರಿ ವೇಗವನ್ನು ಹದಕ್ಕಿಂತ ಹೆಚ್ಚು ಮಾಡಿದರೆ, ಅವಳ ಬೆನ್ನು ಹಿಡಿದು ಓಡಿದವಳು ಕೊನೆಯ ತಿರುವಿನಲ್ಲಿ ಸುಟ್ಟು ಕರಕಲಾಗುತ್ತಾಳೆ. ಮಾಧುರಿ ಅಷ್ಟರಲ್ಲಿ ಪಕ್ಕಕ್ಕೆ ಸರಿದು ನೀರು ಕುಡಿಯುತ್ತಾ ನಿಂತಿರುತ್ತಾಳೆ. ದಾಖಲೆ ಅವಳ ಹೆಸರಿನಲ್ಲೇ ಉಳಿಯುತ್ತದೆ; ಸಹಾಯ ಮಾಡಿದಳೆಂಬ ಹೊಗಳಿಕೆ ಬೇರೆ.

ಮರುದಿನ ಟ್ಯಾಂಕರಿನಿಂದ ನೀರು ಹೊಡೆದ ಮಣ್ಣಿನ ಟ್ರ್ಯಾಕು ಇನ್ನೂ ತಣ್ಣಗಿತ್ತು. ಸುಣ್ಣದ ಗೆರೆಗಳು ಹೊಸದಾಗಿದ್ದವು. ಮಾಧುರಿ ಗ್ಲೂಕೋಸ್ ಕಲಸಿದ ನೀರಿನ ಬಾಟಲಿ ಕೊಟ್ಟಳು. ಸಾಬವ್ವ ಅದನ್ನು ತುಟಿಗೆ ತಾಗಿಸಿದಂತೆ ಮಾಡಿ, ಅವಳು ತಿರುಗಿದ ಕೂಡಲೇ ಬೇವಿನ ಬುಡಕ್ಕೆ ಸುರಿದಳು.

"ಹೆದರಬ್ಯಾಡ" ಎಂದಳು ಮಾಧುರಿ. "ನನ್ನ ಬೆನ್ನು ನೋಡಕೋತ ಬಾ, ಅಷ್ಟೇ."

"ಹೂಂ ರೀ ಅಕ್ಕಾರ."

ಪಿಸ್ತೂಲು ಸಿಡಿಯಿತು. ಮೊದಲ ತಿರುವು ಮುಗಿಯುವಷ್ಟರಲ್ಲಿ ಮಾಧುರಿ ಎಲ್ಲರಿಗಿಂತ ಮುಂದಿದ್ದಳು, ಸಾಬವ್ವ ಅವಳ ಬೆನ್ನಿಗೆ. ವೇಗ ಹೆಚ್ಚು ಅನಿಸಿತು. ಅದಕ್ಕಿಂತ ಹೆಚ್ಚಾಗಿ ಕಂಡದ್ದು ಮಾಧುರಿಯ ಹಗುರ. ಹೆಗಲು ಸಡಿಲವಾಗಿತ್ತು, ಜಡೆ ನೇರವಾಗಿ ಕುಣಿಯುತ್ತಿತ್ತು. ಇಷ್ಟು ವೇಗದಲ್ಲಿ ಇಷ್ಟು ಹಗುರವಾಗಿ ಅವಳು ಎಂದೂ ಓಡಿದ್ದಿಲ್ಲ. ಸಾಬವ್ವನಿಗೆ ಥಟ್ಟನೆ ಹೊಳೆಯಿತು: ಇವಳು ಕೊನೆಯ ತನಕ ಹೋಗುವವಳಲ್ಲ. ಒಂದೂವರೆ ಸುತ್ತಿಗೆ ಮಾತ್ರ ಉಸಿರು ಇಟ್ಟುಕೊಂಡು ಬಂದಿದ್ದಾಳೆ. ಇವಳ ಘಮೇಲಾ ಅರ್ಧ.

ಮುಂದೆ ಓಡಿ ವೇಗ ಕಟ್ಟಿಕೊಡುವ ಯಾರೇ ಆದರೂ ಹಾಗೆಯೇ ಓಡುತ್ತಾರೆ. ಅದು ಮೋಸವಲ್ಲ, ಆ ಕೆಲಸದ ರೀತಿಯೇ ಅದು. ಆದರೆ ಸ್ಲ್ಯಾಬಿನ ಸಾಲಿನಲ್ಲಿ ಬೆಳೆದವಳಿಗೆ ಅದು ಮೋಸವಾಗಿಯೇ ಕಾಣಿಸಿತು. ಅವಳು ಬೇಕೆಂದೇ ಹೆಜ್ಜೆ ತಡೆದಳು. ನಡುವೆ ಒಬ್ಬರು ಹಿಡಿಯುವಷ್ಟು ಜಾಗವಾಯಿತು, ಆಮೇಲೆ ಇಬ್ಬರು ಹಿಡಿಯುವಷ್ಟು.

ಕೊನೆಯ ಸುತ್ತಿನ ಗಂಟೆ ಬಾರಿಸಿತು. ಮಾಧುರಿ ತಿರುಗಿ ನೋಡಿದಳು. ಅವಳ ಮುಖದಲ್ಲಿ ಏನೋ ಬದಲಾಯಿತು. ವೇಗ ಕಡಿಮೆ ಮಾಡಿದಳು. ಸಾಬವ್ವ ತಾನೂ ಕಡಿಮೆ ಮಾಡಿದಳು. ಕಾಡಪ್ಪನ ಆಳು ಕೂಡ ಹೀಗೆ ಒಮ್ಮೊಮ್ಮೆ ನಿಧಾನಿಸಿ, ಹಿಂದಿನವರನ್ನು ಹತ್ತಿರಕ್ಕೆ ಸೆಳೆದು, ಮತ್ತೆ ಓಡುತ್ತಿದ್ದ. ಮಾಧುರಿ ಎಡಗೈಯನ್ನು ಬೆನ್ನ ಹಿಂದೆ ಚಾಚಿ ಕರೆದಳು. "ಬಾ ಸಾಬಾ, ಬಾ." ಆ ಕೈ ಎರಡು ಸಲ ಗಾಳಿಯನ್ನು ಬಾಚಿತು. ಸಾಬವ್ವ ಹೋಗಲಿಲ್ಲ.

ಎದುರುಗಡೆಯ ನೇರ ದಾರಿ ಮುಗಿಯುವಲ್ಲಿ ಮಾಧುರಿ ಹೇಳಿದ ಜಾಗದಲ್ಲೇ ಹೊರಕ್ಕೆ ಸರಿದು ನಿಂತಳು. ದಾರಿ ತೆರೆದಿತ್ತು. ಯಾರೂ ಅವಳನ್ನು ಸುಟ್ಟಿರಲಿಲ್ಲ. ಆಗ ಸಾಬವ್ವ ಓಡಿದಳು. ಕೊನೆಯ ತಿರುವಿನಲ್ಲಿ ಅವಳು ಓಡಿದ್ದನ್ನು ನೋಡಿದವರು ಮುಂದೆ ಬಹಳ ವರ್ಷ ಹೇಳುತ್ತಿದ್ದರು. ನಾಯಿ ಅಟ್ಟಿಸಿಕೊಂಡು ಬಂದರೂ ಹಾಗೆ ಓಡಲಾಗದು ಎಂದು. ಗೆರೆ ದಾಟಿದ ಮೇಲೂ ಅವಳ ಕಾಲಿನಲ್ಲಿ ಓಟ ಉಳಿದಿತ್ತು. ಅದು ಅವಳಿಗೂ ಗೊತ್ತಾಯಿತು, ಪಂಢರಿನಾಥ ಸರ್‌ಗೂ ಗೊತ್ತಾಯಿತು.

ಗಡಿಯಾರ ಹಿಡಿದ ಮೂವರು ತಲೆ ಕೂಡಿಸಿ ಮೂರರಲ್ಲಿ ನಡುವಿನ ಹೊತ್ತನ್ನು ಹೇಳಿದರು. ಮೊದಲ ಸ್ಥಾನ. ದಾಖಲೆ ರೆಪ್ಪೆ ಬಡಿಯುವಷ್ಟು ಹೊತ್ತಿನಿಂದ ತಪ್ಪಿತ್ತು.

ಸರ್ ಬೈಯಲಿಲ್ಲ. ತಮ್ಮ ಗಡಿಯಾರವನ್ನು ಜೇಬಿಗೆ ಹಾಕಿಕೊಂಡು ಬೇರೆ ಹುಡುಗಿಯರ ಕಡೆ ಹೋದರು. ಮಾಧುರಿ ಬಂದು, "ಯಾಕ ಸಾಬಾ?" ಎಂದಳು.

"ನೀವ್ಯಾಕ ಹಿಂದ ತಿರುಗಿ ನೋಡಿದ್ರಿ?" ಎಂದು ಸಾಬವ್ವ ಕೇಳಿದಳು.

ಆ ಬೇಸಿಗೆಯಲ್ಲಿ ಮಾಧುರಿಯ ಮದುವೆಯಾಯಿತು. ಸಾಬವ್ವ ಮದುವೆಗೆ ಹೋಗಲಿಲ್ಲ.

ನೌಕರಿ ಬೇರೆ ಜಿಲ್ಲೆಯ ಹುಡುಗಿಗೆ ಹೋಯಿತು. ಮರುವರ್ಷ ಆ ಕೋಟಾ ತೆರೆಯಲೇ ಇಲ್ಲ. ಸಾಬವ್ವ ಇನ್ನೂ ಒಂದು ಹಂಗಾಮು ಓಡಿದಳು, ಮೊಳಕಾಲಿನ ಕೆಳಗಿನ ಎಲುಬು ಬಿರುಕು ಬಿಟ್ಟಿತು, ನಿಲ್ಲಿಸಿದಳು. ಹಡಪಸರದಲ್ಲಿ ಟೆಂಪೋ ಓಡಿಸುವ ದತ್ತುವನ್ನು ಮದುವೆಯಾದಳು. ಅವನು ಒಳ್ಳೆಯವನು. ಮನೆಗೆ ತಡವಾಗಿ ಬಂದ ದಿನ, ಹೆಂಡತಿ ಕೇಳುವ ಮೊದಲೇ, ಎಲ್ಲಿದ್ದೆ, ಯಾರು ಜೊತೆಗಿದ್ದರು ಎಂದು ತಾನೇ ಹೇಳಿಬಿಡುತ್ತಿದ್ದ. "ಪೊಲೀಸರ ಮುಂದ ಇಷ್ಟು ಹೇಳಿಲ್ಲ ನಾನು" ಎಂದು ನಗುತ್ತಿದ್ದ. ಅನುಸೂಯಾ ಇನ್ನೂ ಹತ್ತು ವರ್ಷ ಘಮೇಲಾ ಹೊತ್ತಳು. ಕತ್ತು ಎಡಕ್ಕೆ ಹೊರಳದಾದ ಮೇಲೆ ಬಿಟ್ಟಳು.

ಯೆರವಡಾದಲ್ಲಿ ಗಾಜಿನ ಕಟ್ಟಡಗಳು ಎದ್ದಾಗ ಸಾಬವ್ವನಿಗೆ ಅಲ್ಲೊಂದರ ಗೇಟಿನಲ್ಲಿ ಕೆಲಸ ಸಿಕ್ಕಿತು. ಖಾಕಿ ಅಂಗಿ, ಟೋಪಿ, ಪರದೆಯ ಹಿಂದೆ ಹೆಂಗಸರ ಚೀಲ ನೋಡುವುದು. ಅವಳ ಕೈಯಿಂದ ಏನೂ ತಪ್ಪುತ್ತಿರಲಿಲ್ಲ. ನಗುತ್ತಾ ಬಂದವರ ಚೀಲವನ್ನು ಎರಡು ಸಲ ನೋಡುತ್ತಿದ್ದಳು. ಮೇಲ್ವಿಚಾರಕ ಶ್ಯಾಮ ಹೊಸಬರಿಗೆ, "ಸಾಬಾತಾಯಿ ದೇವರ ಕೈಚೀಲವನ್ನೂ ಬಿಡುವುದಿಲ್ಲ" ಎಂದು ಮರಾಠಿಯಲ್ಲಿ ಹೇಳುತ್ತಿದ್ದ. ಜೀವಮಾನವಿಡೀ ಅವಳಿಗೆ ನಷ್ಟ ತಂದ ಗುಣಕ್ಕೆ ಕೊನೆಗೂ ಸಂಬಳ ಬಂತು.

2009ರ ಚಳಿಗಾಲದಲ್ಲಿ ಒಂದು ದಿನ ಪರದೆ ಸರಿಸಿ ಒಳಗೆ ಬಂದವಳ ಎಡ ಹಿಮ್ಮಡಿ ಹೊರಕ್ಕೆ ತಿರುಗಿತ್ತು. ಸಾಬವ್ವನಿಗೆ ಮುಖ ನೋಡುವ ಮೊದಲೇ ಅವಳು ಯಾರೆಂದು ತಿಳಿಯಿತು.

"ಎಷ್ಟು ಹುಡುಕಿದೆ ನಿನ್ನ" ಎಂದಳು ಮಾಧುರಿ. ಮೈ ತುಂಬಿಕೊಂಡಿತ್ತು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. "ಪಂಢರಿನಾಥ ಸರ್ ಹೇಳಿದ್ರು, ನೀ ಇಲ್ಲಿ ಅದಿ ಅಂತ."

ಸಾಬವ್ವ ಚೀಲ ತೆರೆದಳು. ಸ್ಟೀಲಿನ ಡಬ್ಬಿ ಇತ್ತು. ಅದನ್ನೂ ತೆರೆದಳು.

"ಶೇಂಗಾ ಹೋಳಿಗಿ. ನಿನಗ ತಂದದ್ದು."

"ಡ್ಯೂಟಿ ಮ್ಯಾಲ ಏನೂ ತಗೋಬಾರದ್ರಿ" ಎಂದು ಸಾಬವ್ವ ಡಬ್ಬಿ ಮುಚ್ಚಿದಳು. "ಯಾರನ್ನ ಭೆಟ್ಟಿ ಆಗಬೇಕ್ರಿ?"

"ನಿನ್ನನ್ನ."

ಚಹಾದ ಬಿಡುವಿನಲ್ಲಿ ಇಬ್ಬರೂ ಗೇಟಿನಾಚೆಯ ಟಪರಿ ಅಂಗಡಿಯ ಬೆಂಚಿನ ಮೇಲೆ ಕೂತರು. ಮಾಧುರಿ ಅದೂ ಇದೂ ಕೇಳಿದಳು. ಮಕ್ಕಳೆಷ್ಟು, ಅವ್ವ ಹೇಗಿದ್ದಾಳೆ, ಮನೆ ಸ್ವಂತದ್ದೇ ಎಂದು. ಸಾಬವ್ವ ಒಂದೊಂದು ಶಬ್ದದಲ್ಲಿ ಉತ್ತರ ಕೊಟ್ಟಳು. ಹತ್ತೊಂಬತ್ತು ವರ್ಷ ಆದ ಮೇಲೆ ಹೋಳಿಗೆ ಹಿಡಿದುಕೊಂಡು ಬಂದವಳಿಗೆ ಏನು ಬೇಕಾಗಿದೆ ಎಂದು ಕಾಯುತ್ತಿದ್ದಳು.

"ಅವತ್ತು ನನ್ನ ಬೆನ್ನು ಯಾಕ ಬಿಟ್ಟಿ?"

"ನೆಪ್ಪಿಲ್ರಿ."

"ನಿನಗ ನೆಪ್ಪದ."

ಸಾಬವ್ವ ಚಹಾ ಊದಿಕೊಂಡಳು. "ನೀವು ನನ್ನ ಸುಡ್ತೀರಿ ಅಂದ್ಕೊಂಡಿದ್ದೆ."

"ಹಂಗ ಅನಿಸಿದ್ದು ಗೊತ್ತಾತು. ಮುಖಾನೇ ಹೇಳ್ತಿತ್ತು." ಮಾಧುರಿ ಗ್ಲಾಸನ್ನು ಎರಡೂ ಅಂಗೈ ನಡುವೆ ಹಿಡಿದಳು. "ನನಗ ಆ ರೆಕಾರ್ಡು ಹೋಗಬೇಕಾಗಿತ್ತು ಸಾಬಾ. ಅದಕ್ಕ ಮುಂದ ಓಡಿದೆ."

"ಯಾಕ್ರಿ?"

"ಅದು ಆದ ದಿವ್ಸ ಇಡೀ ಕ್ರೀಡಾಕೂಟಕ್ಕ ಅಪ್ಪಾಜಿನೇ ಊಟಾ ಹಾಕ್ಸಿದ್ರು. ಕಪ್ಪುಗಳೂ ಅವರೇ ಕೊಡಿಸಿದ್ದು. ಗಡಿಯಾರ ಹಿಡಿದಿದ್ದ ಮೂರೂ ಮಂದಿ ಮುಂಜಾನಿಂದ ಅವರ ಕುರ್ಚಿ ಬಾಜೂಕೇ ಕುಂತಿದ್ರು. ನಾ ಗೆರಿ ದಾಟಿದಾಗ ನನಗ ದಿನಾ ಅನಿಸಿದಷ್ಟೇ ಅನಿಸಿತ್ತು. ಆಮ್ಯಾಲ ನೋಡಿದ್ರ ರೆಕಾರ್ಡ್ ಅಂದ್ರು. ಅದಕ್ಕೂ ಮೊದಲ ಅಷ್ಟು ಜೋರು ಓಡಿಲ್ಲ ನಾನು. ಆಮ್ಯಾಲೂ ಇಲ್ಲ."

"ಅಪ್ಪಾಜಿನ್ನ ಕೇಳ್ಲಿಲ್ಲೇನ್ರಿ?"

"ಕೇಳಿದೆ. 'ಮಗಳ ಕಾಲಿಗಿಂತ ಮಗಳ ಬಾಯಿ ಜೋರು' ಅಂತ ನಕ್ಕರು. ಈಗ ಕೇಳಬೇಕಂದ್ರ ಅವರೂ ಇಲ್ಲ."

ಒಂದು ಬಸ್ಸು ಎದುರಿಗೆ ನಿಂತು, ಹೊಗೆ ಬಿಟ್ಟು, ಹೋಯಿತು.

"ನಿನಗ ನೌಕರಿ ತಪ್ಪಿಹೋತು ಅನ್ನೋದು ನನಗ ಮದುವಿ ಆದ ಮ್ಯಾಲ ಗೊತ್ತಾತು" ಎಂದಳು ಮಾಧುರಿ. "ಈಗ ನನ್ನ ಮಗಳು ಅದೇ ಕಾಲೇಜಿಗೆ ಹೋಗ್ತಾಳ. ಅದೇ ಎಂಟುನೂರು. ಇನ್ನೂ ನನ್ನ ಹೆಸರೇ ಅದ ಅಲ್ಲಿ. ಅಕಿ ದಿನಾ ಓಡಿ ಬಂದು ವಾಂತಿ ಮಾಡ್ಕೋತಾಳ. 'ಮಮ್ಮಿ, ನೀ ಹ್ಯಾಂಗ ಓಡಿದಿ' ಅಂತ ಕೇಳ್ತಾಳ. ಏನಂತ ಹೇಳ್ಲಿ? ಅನುಮಾನ ಅದ ಅಂತ ಹೇಳಿದ್ರ, ಅಜ್ಜಗ ಕಳ್ಳ ಅಂದಂಗ. ಅನುಮಾನ ಖರೇ ಐತೋ ಸುಳ್ಳೋ ನನಗೇ ಗೊತ್ತಿಲ್ಲ. ಅದಕ್ಕ ನಿನ್ನ ಹತ್ರ ಬಂದೆ."

"ನನ್ನ ಹತ್ರ ಏನದ್ರಿ?"

"ನೀ ಎರಡು ವರ್ಷ ನನ್ನ ಹಿಂದ ಓಡಿದಿ. ನನ್ನ ಕಾಲು ನನಗಿಂತ ನಿನಗ ಗೊತ್ತು. ಹೇಳು ನೋಡೂನು. ಆ ಟೈಮು ನನ್ನ ಕಾಲಾಗ ಇತ್ತೇನು?"

ಉತ್ತರ ಸಾಬವ್ವನಿಗೆ ಗೊತ್ತಿತ್ತು. ಕೇಳಿದ ಕ್ಷಣದಲ್ಲೇ ಗೊತ್ತಿತ್ತು. ಆ ವೇಗಕ್ಕೆ ಬಂದಾಗಲೆಲ್ಲ ಮಾಧುರಿಯ ಜಡೆ ಬಲಕ್ಕೆ ಬಡಿಯುತ್ತಿತ್ತು, ಹೆಗಲು ಏರುತ್ತಿತ್ತು; ಕೊನೆಯ ತಿರುವಿನಲ್ಲಿ ಅವಳು ಪ್ರತಿ ಸಲ ಕುಸಿಯುತ್ತಿದ್ದಳು. ಆ ಟೈಮು ಅವಳ ಕಾಲಿನಲ್ಲಿ ಇರಲಿಲ್ಲ. ಎಂದೂ ಇರಲಿಲ್ಲ.

ಆದರೆ ಆ ಮಾತನ್ನು ಬಾಯಿಂದ ಆಚೆ ಬಿಟ್ಟರೆ ಇನ್ನೊಂದು ಮಾತೂ ಅದರ ಹಿಂದೆಯೇ ಬರುತ್ತಿತ್ತು. ಆ ದಾಖಲೆ ಸುಳ್ಳಾದರೆ, 1990ರ ಆ ದಿನ ಸಾಬವ್ವ ಓಡಿದ್ದೇ ದಾಖಲೆ. ನೌಕರಿ ಅವಳದೇ ಆಗಬೇಕಿತ್ತು. ಅವಳು ಗ್ಲೂಕೋಸಿನ ನೀರನ್ನು ಅನುಮಾನಿಸಿದ್ದಳು, ಬೂಟಿನ ಮೊಳೆಯನ್ನು, ಮಾಧುರಿಯ ಬೆನ್ನನ್ನು, ಚಾಚಿದ ಕೈಯನ್ನು ಅನುಮಾನಿಸಿದ್ದಳು. ಫಲಕದ ಮೇಲೆ ಬರೆದಿದ್ದ ಹೊತ್ತನ್ನು ಮಾತ್ರ ದೇವರ ಮಾತಿನಂತೆ ನಂಬಿದ್ದಳು. ಮತ್ತು ಆ ಕೈಯನ್ನು ನಂಬಿ ಹೋಗಿದ್ದರೆ, ಆ ಸುಳ್ಳನ್ನೂ ದಾಟುವಷ್ಟು ಓಟ ತನ್ನ ಕಾಲಿನಲ್ಲಿತ್ತು ಎಂಬುದೂ ಅವಳಿಗೆ ಗೊತ್ತಿತ್ತು.

ಅವಳು ಮಾಧುರಿಯ ಮುಖ ನೋಡಿದಳು. ಇದೂ ಏನಾದರೂ ಆಟವೇ? ಇಲ್ಲ ಎಂದರೆ ಇವಳ ಮಗಳು ಉಳಿಯುತ್ತಾಳೆ. ಹೌದು ಎಂದರೆ ಇವಳ ಅಪ್ಪ ಉಳಿಯುತ್ತಾನೆ. ಯಾವ ಮಾತು ಕೊಟ್ಟರೂ ಇವಳು ಹಗುರಾಗಿ ಮನೆಗೆ ಹೋಗುತ್ತಾಳೆ. ಮಾಧುರಿಯ ಕಣ್ಣಿನಲ್ಲಿ ನೀರಿತ್ತು. ಗೇಟಿನಲ್ಲಿ ಕಣ್ಣೀರು ಹಾಕುವವರನ್ನು ಸಾಬವ್ವ ಬಹಳ ನೋಡಿದ್ದಳು.

"ನೀ ಏನು ಹೇಳಿದ್ರೂ ನಾ ಸಿಟ್ಟಾಗಂಗಿಲ್ಲ" ಎಂದಳು ಮಾಧುರಿ. "ಬೇಕಾದ್ರ ನಾನೇ ವಿಶ್ವವಿದ್ಯಾಲಯಕ್ಕ ಹೋಗಿ ಹೇಳ್ತೀನಿ, ನಿನ್ನ ಹೆಸರು ಹಾಕ್ರಿ ಅಂತ. ಈಗರ ಹಾಕ್ಲಿ. ನೀ ಒಂದು ಮಾತು ಅನ್ನು."

"ಈಗ ಹಾಕಿದ್ರ ನಮ್ಮವ್ವನ ಕತ್ತು ಹೊರಳ್ತದೇನ್ರಿ?"

ಮಾಧುರಿ ತಲೆ ತಗ್ಗಿಸಿದಳು. "ನಾ ಬ್ಯಾರೆ ಏನ್ ಮಾಡ್ಲಿ ಸಾಬಾ? ಇದ್ದದ್ದು ಇಷ್ಟೇ ನನ್ನ ಕೈಯಾಗ. ಆ ಹುಡುಗಿ ಮುಖಾ ನೋಡಿದ್ರ..."

ಸಾಬವ್ವ ಅರ್ಧ ಕುಡಿದ ಗ್ಲಾಸನ್ನು ಬೆಂಚಿನ ಮೇಲಿಟ್ಟಳು. ಎದ್ದು ಬೆಲ್ಟನ್ನು ಮೇಲಕ್ಕೆಳೆದುಕೊಂಡಳು.

"...ಹೌದು ಅನ್ನು, ಇಲ್ಲಾ ಅನ್ನು, ಒಂದರ ಅನ್ನು. ನಾ ಮತ್ತ ನಿನಗ ತ್ರಾಸ ಕೊಡಾಕ ಬರಂಗಿಲ್ಲ. ಅಕಿಗೆ ನಾ ಇವತ್ತ ರಾತ್ರಿ ಏನಂತ..."

ಮಾಧುರಿ ಇನ್ನೂ ಹೇಳುತ್ತಿದ್ದಳು. ಸಾಬವ್ವ ಗೇಟಿನ ಕಡೆ ಹೋಗಲಿಲ್ಲ; ಇನ್ನೊಬ್ಬರ ಚೀಲ ತೆರೆಯಲು ಅವಳಿಗೆ ಅವತ್ತು ಕೈ ಬರಲಿಲ್ಲ. ಬಿಡುವು ಮುಗಿದಿತ್ತು, ಪರದೆಯ ಮುಂದೆ ಹೆಂಗಸರು ನಿಂತಿದ್ದರು, ಶ್ಯಾಮ ಒಳಗಿನಿಂದ ಕೈಬೀಸಿ ಕರೆಯುತ್ತಿದ್ದ. ಅವಳು ರಸ್ತೆಯ ಅಂಚಿಗೆ ಬಂದು, ಎರಡೂ ಕಡೆ ನೋಡಿ, ರಿಕ್ಷಾಗಳ ನಡುವೆ ದಾರಿ ಮಾಡಿಕೊಂಡು ಆಚೆ ಬದಿಗೆ ದಾಟಿ, ಟೋಪಿಯನ್ನು ಕೈಯಲ್ಲಿ ಹಿಡಿದು, ಅವಸರವಿಲ್ಲದೆ ನಡೆದುಹೋದಳು.